ಹರಳಿನೊಳಗಿನ ಬೇಸಿಗೆ

ತಂಬೂರಿ ಮತ್ತು ಧಗೆ

ಹುಬ್ಬಳ್ಳಿಯ ದೇಶಪಾಂಡೆ ನಗರ ಎಂದರೆ ಸಂಗೀತದವರಿಗೆ ನೆನಪಾಗುವುದು ಗಂಗೂಬಾಯಿ ಹಾನಗಲ್ಲರ ಮನೆ ‘ಗಂಗಾಲಹರಿ’, ಮತ್ತೆ ಅವರ ಗುರು ಸವಾಯಿ ಗಂಧರ್ವರ ಹೆಸರು ಹೊತ್ತ ಸಭಾಭವನ. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನದ ಬಿಸಿಲು 37-38 ಡಿಗ್ರಿಗೆ ಏರುತ್ತದೆ. ಅಂಥ ದಿನ ಸಂಜೆ ತಂಬೂರಿ ಶ್ರುತಿ ಮಾಡಿ ವೇದಿಕೆಗೆ ತಂದಿಟ್ಟವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ದೀಪಗಳ ಕೆಳಗೆ ಹತ್ತು ನಿಮಿಷ ಕೂತರೆ ತಂತಿ ಕಾದು ಒಂದಿಷ್ಟು ಸಡಿಲಾಗುತ್ತದೆ, ಷಡ್ಜ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಗಾಯಕರು ಮಾತಾಡದೆ ಹಿಂದಕ್ಕೆ ತಿರುಗಿ ನೋಡುತ್ತಾರೆ. ತಂಬೂರಿಯವರು ಬಿರಡೆ ತಿರುವುತ್ತಾರೆ, ಮಣಿ ಸರಿಸುತ್ತಾರೆ.

ಇದೇ ಊರಿನ ಕಣ್ಣಿನ ದವಾಖಾನೆಯಲ್ಲಿ, ಮೂತ್ರಪಿಂಡದ ಹರಳು ತೆಗೆಯುವ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ಬೇಡದ ಕೂದಲು ತೆಗೆಯುವ ಚರ್ಮದ ಕ್ಲಿನಿಕ್ಕಿನಲ್ಲಿ ಇನ್ನೊಂದು ಬಗೆಯ ವಾದ್ಯಗಳಿವೆ. ಅವು ಘನಸ್ಥಿತಿಯ ಲೇಸರ್‌ಗಳು. ಅವುಗಳ ಹೊಟ್ಟೆಯಲ್ಲಿರುವುದು ಬೆರಳುದ್ದದ ಒಂದು ಹರಳು. ಆ ಹರಳಿಗೂ ಶ್ರುತಿಯಿದೆ, ಅದಕ್ಕೂ ಧಗೆ ತಟ್ಟುತ್ತದೆ. ಆದರೆ ತಂಬೂರಿಗೆ ಧಗೆ ಹೊರಗಿನಿಂದ ಬಂದರೆ, ಲೇಸರ್ ಹರಳು ತನ್ನ ಬೇಸಿಗೆಯನ್ನು ತಾನೇ ಒಳಗೆ ಹುಟ್ಟಿಸಿಕೊಳ್ಳುತ್ತದೆ. ಕಷ್ಟವೆಲ್ಲ ಅಲ್ಲಿಂದಲೇ ಶುರು.

ನವರತ್ನದ ನೆಂಟರು

ಲೇಸರ್ ಹರಳುಗಳ ಪಟ್ಟಿ ನೋಡಿದರೆ ಅಕ್ಕಸಾಲಿಗರ ಪೆಟ್ಟಿಗೆ ತೆರೆದಂತೆ ಕಾಣುತ್ತದೆ. 1960ರ ಮೇ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಥಿಯೋಡರ್ ಮೇಮನ್ ಬೆಳಗಿಸಿದ ಜಗತ್ತಿನ ಮೊದಲ ಲೇಸರಿನೊಳಗಿದ್ದದ್ದು ಮಾಣಿಕ್ಯ. ಅದು ಕ್ರೋಮಿಯಂ ಬೆರೆತ ಅಲ್ಯುಮಿನಿಯಂ ಆಕ್ಸೈಡ್. ಅದೇ ಆಕ್ಸೈಡಿಗೆ ಟೈಟೇನಿಯಂ ಬೆರೆಸಿದರೆ ನೀಲದ ಬಳಗದ ಟೈಟೇನಿಯಂ-ಸಫೈರ್. ಇದರ ಲೇಸರನ್ನು 1982ರಲ್ಲಿ ಪೀಟರ್ ಮೌಲ್ಟನ್ ತೋರಿಸಿದರು. ಅಲೆಕ್ಸಾಂಡ್ರೈಟ್ ಎಂಬುದು ವೈಡೂರ್ಯದ ಜಾತಿಯದು. ಪಚ್ಚೆಯಿಂದಲೂ ಲೇಸರ್ ಮಾಡಿದ್ದಾರೆ.

ಇವೆಲ್ಲಕ್ಕಿಂತ ಹೆಚ್ಚು ದುಡಿದದ್ದು ಮಾತ್ರ ಗೋಮೇದಕದ ದೂರದ ತಮ್ಮ ಎನ್ನಬಹುದಾದ ಯಾಗ್. ಪೂರ್ತಿ ಹೆಸರು ಇಟ್ರಿಯಂ ಅಲ್ಯುಮಿನಿಯಂ ಗಾರ್ನೆಟ್. ಗೋಮೇದಕವೂ ಗಾರ್ನೆಟ್ಟೇ, ಇಬ್ಬರ ಅಣುಜೋಡಣೆಯ ಚೌಕಟ್ಟು ಒಂದೇ. ಆದರೆ ಯಾಗ್ ಭೂಮಿಯಲ್ಲಿ ಸಿಗುವುದಿಲ್ಲ. 1900 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಬಿಸಿಯಲ್ಲಿ, ಇರಿಡಿಯಂ ಲೋಹದ ಮೂಸೆಯಲ್ಲಿ ಕರಗಿಸಿ, ಒಂದು ಬೀಜದ ಹರಳನ್ನು ಅದಕ್ಕೆ ತಾಗಿಸಿ, ತಿರುಗಿಸುತ್ತಾ ತಿರುಗಿಸುತ್ತಾ ಮೇಲೆಳೆಯಬೇಕು. ವೇಗ ಗಂಟೆಗೆ ಮಿಲಿಮೀಟರಿನ ಆಸುಪಾಸು. ಒಂದು ಹರಳು ಬೆಳೆಯಲು ವಾರಗಳೇ ಬೇಕು. ಅದರಲ್ಲಿ ಇಟ್ರಿಯಂ ಪರಮಾಣುಗಳ ನೂರರಲ್ಲಿ ಒಂದನ್ನು ತೆಗೆದು ನಿಯೋಡಿಮಿಯಂ ಕೂರಿಸಿದರೆ ನಿಯೋಡಿಮಿಯಂ-ಯಾಗ್ ತಯಾರು. 1964ರಲ್ಲಿ ಬೆಲ್ ಪ್ರಯೋಗಾಲಯದ ಗ್ಯೂಸಿಕ್, ಮಾರ್ಕೋಸ್ ಮತ್ತು ವಾನ್ ಅಯಿಟರ್ಟ್ ಇದರಿಂದ ಲೇಸರ್ ಬೆಳಕು ಪಡೆದರು.

ಮಾಣಿಕ್ಯವೂ ಬೆಳಗುತ್ತಿತ್ತು, ಗಾಜಿನಲ್ಲೂ ನಿಯೋಡಿಮಿಯಂ ಬೆರೆಸಬಹುದಿತ್ತು, ಆದರೂ ಗೆದ್ದದ್ದು ಯಾಗ್. ಕಾರಣದ ದೊಡ್ಡ ಪಾಲು ಉಷ್ಣತೆಯದೇ. ಯಾಗ್ ಶಾಖವನ್ನು ಬೇಗ ಹೊರಸಾಗಿಸುತ್ತದೆ. ಅದರ ಶಾಖವಾಹಕತೆ ಮೀಟರಿಗೆ ಡಿಗ್ರಿಗೆ 13 ವಾಟ್‌ನಷ್ಟು. ಲೇಸರ್ ಗಾಜಿನದು ಒಂದು ವಾಟ್‌ನ ಸುತ್ತಮುತ್ತ. ಪರಮಾಣು ಸಮ್ಮಿಳನದ ಪ್ರಯೋಗಗಳಿಗಾಗಿ ಕ್ಯಾಲಿಫೋರ್ನಿಯಾದಲ್ಲಿ 192 ಕಿರಣಗಳ ದೈತ್ಯ ಲೇಸರ್ ಕಟ್ಟಿದ್ದಾರಲ್ಲ, 2022ರ ಡಿಸೆಂಬರ್ 5ರಂದು ಕೊಟ್ಟ ಬೆಳಕಿಗಿಂತ ಹೆಚ್ಚು ಸಮ್ಮಿಳನ ಶಕ್ತಿ ಪಡೆದು ಸುದ್ದಿಯಾದದ್ದು, ಅದರ ವರ್ಧಕಗಳು ಗಾಜಿನವು. ಒಮ್ಮೆ ಹೊಡೆದರೆ ಗಾಜು ತಣ್ಣಗಾಗಲು ಗಂಟೆಗಟ್ಟಲೆ ಕಾಯಬೇಕು. ಯಾಗ್ ಸೆಕೆಂಡಿಗೆ ಹತ್ತಾರು ಸಲ ಹೊಡೆದು ಸುಮ್ಮನಿರುತ್ತದೆ.

ಭಾರತದಲ್ಲಿ ಈ ವಿದ್ಯೆಗೆ ದೊಡ್ಡ ಮನೆಯೆಂದರೆ ಇಂದೋರಿನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರ. 1984ರಲ್ಲಿ ಅಡಿಗಲ್ಲು ಬಿದ್ದ ಈ ಕೇಂದ್ರಕ್ಕೆ 2005ರಲ್ಲಿ ನಮ್ಮ ತುಮಕೂರಿನಲ್ಲಿ ಹುಟ್ಟಿದ ವಿಜ್ಞಾನಿಯ ಹೆಸರಿಟ್ಟರು. ರಾಮಣ್ಣನವರು ಪಿಯಾನೋ ನುಡಿಸುತ್ತಿದ್ದವರು, ರಾಗಪದ್ಧತಿ ಮತ್ತು ಪಾಶ್ಚಾತ್ಯ ಸಂಗೀತದ ರಚನೆ ಕುರಿತು ಪುಸ್ತಕವನ್ನೂ ಬರೆದವರು. ಬೆಳಕನ್ನು ಶ್ರುತಿಯ ಲೆಕ್ಕದಲ್ಲಿ ವಿವರಿಸಲು ನಾನು ಹೊರಟಿರುವುದಕ್ಕೆ ಅವರ ಹೆಸರಿನ ಧೈರ್ಯವೂ ಒಂದಿಷ್ಟಿದೆ.

ಕಾವು ಹುಟ್ಟುವ ಬಗೆ

ಲೇಸರ್ ಹರಳು ಬೆಳಕನ್ನು ಉಣ್ಣುತ್ತದೆ, ಬೆಳಕನ್ನೇ ಕೊಡುತ್ತದೆ. ಉಂಡದ್ದೆಲ್ಲ ಬೆಳಕಾಗಿ ಬರುವುದಿಲ್ಲ.

ನಿಯೋಡಿಮಿಯಂ-ಯಾಗ್ ಹರಳಿಗೆ ಅರೆವಾಹಕ ಡಯೋಡಿನಿಂದ 808 ನ್ಯಾನೊಮೀಟರ್ ತರಂಗಾಂತರದ ಬೆಳಕು ಊಡಿಸಿದರೆ 1064 ನ್ಯಾನೊಮೀಟರಿನ ಬೆಳಕು ಹೊರಬರುತ್ತದೆ. ತರಂಗ ಉದ್ದವಾದಷ್ಟೂ ಅದರ ಒಂದೊಂದು ಕಣದ ಶಕ್ತಿ ಕಡಿಮೆ. 808ನ್ನು 1064ರಿಂದ ಭಾಗಿಸಿದರೆ 0.76. ಎಂದರೆ ಪ್ರತಿ ಕಣಕ್ಕೆ ನೂರರಲ್ಲಿ 24 ಪಾಲು ಶಕ್ತಿ ಹರಳಿನಲ್ಲೇ ಉಳಿಯಿತು. ಅದು ಹರಳಿನ ಪರಮಾಣುಗಳ ನಡುಕವಾಗಿ, ಅಂದರೆ ಬಿಸಿಯಾಗಿ ಮಾರ್ಪಡುತ್ತದೆ. ಎಂಥ ಜಾಣ ಎಂಜಿನಿಯರ್ ಬಂದರೂ ಈ 24ರಲ್ಲಿ ಚೌಕಾಶಿ ನಡೆಯುವುದಿಲ್ಲ, ಅದು ಪ್ರಕೃತಿ ಹಾಕಿದ ಸುಂಕ. ಬೇರೆ ಸಣ್ಣಪುಟ್ಟ ಸೋರಿಕೆ ಸೇರಿದರೆ ಹರಳು ಹೀರಿದ್ದರಲ್ಲಿ ಮೂರನೇ ಒಂದು ಪಾಲು ಬಿಸಿಯಾಗಿಬಿಡಬಹುದು.

ಹಳೆಯ ಯಂತ್ರಗಳಲ್ಲಿ ಡಯೋಡ್ ಬದಲು ಫ್ಲಾಶ್ ಲ್ಯಾಂಪ್ ಇರುತ್ತಿತ್ತು, ಇಂದಿಗೂ ಎಷ್ಟೋ ವೈದ್ಯಕೀಯ ಯಂತ್ರಗಳಲ್ಲಿ ಇದೆ. ದೀಪ ಎಲ್ಲ ಬಣ್ಣದ ಬೆಳಕನ್ನೂ ಚೆಲ್ಲುತ್ತದೆ, ಹರಳಿಗೆ ಬೇಕಾದದ್ದು ಅದರಲ್ಲಿ ಸ್ವಲ್ಪವೇ. ಕರೆಂಟಿನ ನೂರು ಪಾಲಿನಲ್ಲಿ ಎರಡೋ ಮೂರೋ ಪಾಲು ಲೇಸರಾಗಿ ಬಂದರೆ ದೊಡ್ಡದು. ಉಳಿದದ್ದೆಲ್ಲ ದೀಪ, ಪ್ರತಿಫಲಕ, ನೀರು, ಹರಳು ಹಂಚಿಕೊಳ್ಳುವ ಕಾವು.

ಕಣ್ಣಿನ ದವಾಖಾನೆಯ ಯಾಗ್ ಲೇಸರಿಗೆ ಈ ಚಿಂತೆ ಇಲ್ಲವೆಂದೇ ಹೇಳಬೇಕು. ಮೋತಿಬಿಂದು ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳ ನಂತರ, ಕೃತಕ ಮಸೂರದ ಹಿಂದಿನ ಪೊರೆ ಮಸುಕಾದರೆ ಅದರಲ್ಲಿ ಕಿಂಡಿ ಮಾಡುವುದು ಇದೇ ಯಂತ್ರ. ಅಲ್ಲಿ ವೈದ್ಯರು ಗುರಿ ನೋಡಿ ಒಂದೊಂದೇ ಹೊಡೆತ ಹೊಡೆಯುತ್ತಾರೆ. ಪ್ರತಿ ಹೊಡೆತದಲ್ಲಿ ಕೆಲವೇ ಮಿಲಿಜೌಲ್, ಅದೂ ಕೆಲವು ನ್ಯಾನೊಸೆಕೆಂಡ್ ಮಾತ್ರ. ಹರಳು ಬೆಚ್ಚಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಬಿಸಿಗಿಂತ ಏರುಪೇರು ಕೆಟ್ಟದ್ದು

ಹುಬ್ಬಳ್ಳಿಯ ಜನವರಿ ರಾತ್ರಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಅಂತರ. ಅದರಿಂದ ನಿಯೋಡಿಮಿಯಂ-ಯಾಗ್ ಹರಳಿನ ಸ್ವಭಾವ ಎಷ್ಟು ಬದಲಾಗುತ್ತದೆ? ಬೆಳಕನ್ನು ವರ್ಧಿಸುವ ಅದರ ಗುಣ ಪ್ರತಿ ಡಿಗ್ರಿಗೆ ಶೇಕಡಾ 0.2ರ ಆಸುಪಾಸಿನಲ್ಲಿ ಕುಗ್ಗುತ್ತದೆ. ಕಾದಂತೆಲ್ಲ ಹರಳಿನ ಪರಮಾಣುಗಳ ಕುಣಿತ ಜೋರಾಗಿ, ನಿಯೋಡಿಮಿಯಂ ಹೊಮ್ಮಿಸುವ ಬೆಳಕಿನ ರೇಖೆ ಅಗಲವಾಗಿ ತಗ್ಗಾಗುತ್ತದೆ. ಒಟ್ಟು ಲೆಕ್ಕ ಹಾಕಿದರೆ ಶೇಕಡಾ ಐದು. ಕರೆಂಟ್ ಒಂದಿಷ್ಟು ಏರಿಸಿದರೆ ಮುಗಿಯಿತು. ಬೆಳಕಿನ ಶ್ರುತಿಯೂ ಜರುಗುತ್ತದೆ, ಆದರೆ ಡಿಗ್ರಿಗೆ 0.005 ನ್ಯಾನೊಮೀಟರ್ ಮಾತ್ರ. ಹತ್ತು ಡಿಗ್ರಿ ಏರಿದರೂ ಅದು ಒಂದು ಅರ್ಧಸ್ವರದ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಕಿರಾಣಾ ಘರಾಣೆಯವರ ಕಿವಿಗೂ ಅದು ಸಿಗಲಿಕ್ಕಿಲ್ಲ.

ಹಾಗಿದ್ದ ಮೇಲೆ ಕಷ್ಟ ಎಲ್ಲಿ? ಹರಳಿನ ಒಂದು ಭಾಗ ಇನ್ನೊಂದು ಭಾಗಕ್ಕಿಂತ ಬಿಸಿಯಾಗುವಲ್ಲಿ.

ದುಂಡನೆಯ ಹರಳಿನ ದಂಡವನ್ನು ಸುತ್ತಲೂ ನೀರು ಹರಿಸಿ ತಂಪು ಮಾಡುತ್ತಾರೆ. ಬಿಸಿ ಹುಟ್ಟುವುದು ಮೈತುಂಬ, ಹೊರಹೋಗುವುದು ಚರ್ಮದಿಂದ ಮಾತ್ರ. ಹೀಗಾಗಿ ನಡುಮಧ್ಯ ಕಾದಿರುತ್ತದೆ, ಅಂಚು ತಣ್ಣಗಿರುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಯಾಗ್ ದಂಡದಲ್ಲಿ 100 ವಾಟ್ ಬಿಸಿ ಹುಟ್ಟಿದರೆ ನಡುವಿಗೂ ಅಂಚಿಗೂ ಆರು ಡಿಗ್ರಿ ವ್ಯತ್ಯಾಸ. ಏಳೂವರೆ ಸೆಂಟಿಮೀಟರಿನ ದಂಡದಲ್ಲಿ 600 ವಾಟ್ ಹುಟ್ಟಿದರೆ ವ್ಯತ್ಯಾಸ 49 ಡಿಗ್ರಿ. ಈ ಲೆಕ್ಕದಲ್ಲಿ ಒಂದು ತಮಾಷೆಯಿದೆ: ದಂಡ ಎಷ್ಟು ದಪ್ಪ ಎಂಬುದು ಅದರೊಳಗೆ ಬರುವುದೇ ಇಲ್ಲ. ಉದ್ದದ ಪ್ರತಿ ಸೆಂಟಿಮೀಟರಿಗೆ ಎಷ್ಟು ಬಿಸಿ ಎಂಬುದಷ್ಟೇ ಮುಖ್ಯ. ದಂಡವನ್ನು ಸಪೂರ ಮಾಡಿದರೆ ಬೇಗ ಆರೀತು, ದಪ್ಪ ಮಾಡಿದರೆ ತಡೆದುಕೊಂಡೀತು ಎಂಬ ನಮ್ಮ ಅಡುಗೆಮನೆಯ ತರ್ಕಗಳೆರಡೂ ಇಲ್ಲಿ ನಡೆಯುವುದಿಲ್ಲ.

ಕಾದ ಯಾಗ್‌ನಲ್ಲಿ ಬೆಳಕು ತುಸು ಹೆಚ್ಚು ಬಾಗುತ್ತದೆ. ಅದರ ವಕ್ರೀಭವನ ಸೂಚ್ಯಂಕ ಡಿಗ್ರಿಗೆ ಹತ್ತು ಲಕ್ಷದಲ್ಲಿ ಏಳೆಂಟು ಪಾಲಿನಷ್ಟು ಏರುತ್ತದೆ. ಕೇಳಲು ಏನೂ ಅಲ್ಲ. ಆದರೆ ನಡುವಿನಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ ಇದ್ದಾಗ ಚಪ್ಪಟೆ ಮುಖದ ದಂಡ ಉಬ್ಬು ಮಸೂರದಂತೆ ನಡೆದುಕೊಳ್ಳುತ್ತದೆ. ಇದಕ್ಕೆ ಉಷ್ಣಮಸೂರ ಎನ್ನಬಹುದು. ಲೇಸರಿನ ಎರಡು ಕನ್ನಡಿಗಳ ನಡುವೆ ಬೆಳಕು ಹೋಗಿ ಬಂದು ಮಾಡುತ್ತಿದ್ದಾಗ, ಯಾರೂ ಇಡದ ಮಸೂರವೊಂದು ನಡುವೆ ತಾನಾಗಿ ಮೂಡಿದರೆ ಹೇಗಿದ್ದೀತು? ಕಿರಣ ಎಲ್ಲೋ ಕೂಡಿ ಎಲ್ಲೋ ಚದುರುತ್ತದೆ, ಸೂಜಿಮೊನೆಯಷ್ಟು ಇರಬೇಕಾದ ಬೊಟ್ಟು ಹಿಗ್ಗುತ್ತದೆ. ಇನ್ನೂ ಬೇಸರದ ಸಂಗತಿಯೆಂದರೆ ಶಕ್ತಿ ಏರಿಸಿದಂತೆ ಈ ಮಸೂರದ ಬಲವೂ ಬದಲಾಗುತ್ತದೆ. 50 ವಾಟ್‌ಗೆ ಹೊಂದಿಸಿದ ಯಂತ್ರ 100 ವಾಟ್‌ನಲ್ಲಿ ಬೇರೆಯದೇ ಯಂತ್ರ. ಲೇಸರ್ ವೆಲ್ಡಿಂಗ್ ಮಾಡುವವರು ಬೆಳಿಗ್ಗೆ ಯಂತ್ರ ಹಚ್ಚಿ ಸ್ವಲ್ಪ ಹೊತ್ತು ‘ಬೆಚ್ಚಗಾಗಲಿ’ ಎಂದು ಬಿಡುವುದು ಇದಕ್ಕೇ. ಮಸೂರ ಒಂದು ನೆಲೆಗೆ ನಿಂತ ಮೇಲೆ ಕೆಲಸ ಶುರು.

ಒತ್ತಡದ ಮಾತು ಇದರ ಜೊತೆಗೇ ಬರುತ್ತದೆ. ನಡು ಹಿಗ್ಗಬೇಕೆನ್ನುತ್ತದೆ, ಅಂಚು ಬಿಡುವುದಿಲ್ಲ. ದಂಡದ ಮೈ ಎಳೆತಕ್ಕೆ ಸಿಗುತ್ತದೆ. ದಪ್ಪ ಗಾಜಿನ ಲೋಟಕ್ಕೆ ಕುದಿವ ಚಹಾ ಸುರಿದಾಗ ‘ಚಟ್’ ಎನ್ನುವುದೂ ಇದೇ ಕಾರಣಕ್ಕೆ. ಅಲ್ಲಿಯೂ ಒಳಮೈ ಹಿಗ್ಗಿ ಹೊರಮೈಯನ್ನು ಎಳೆಯುತ್ತದೆ. ಹರಳಿನ ಮೈಮೇಲೆ ಕಣ್ಣಿಗೆ ಕಾಣದ ಗೀರಿದ್ದರೆ ಬಿರುಕು ಅಲ್ಲಿಂದ ಓಡುತ್ತದೆ. ಬಿರುಕು ಬಿಡುವ ಎಷ್ಟೋ ಮೊದಲೇ ಒತ್ತಡದಿಂದ ಇನ್ನೊಂದು ಹಾನಿ ಆಗಿರುತ್ತದೆ. ಬೆಳಕಿನ ಕಂಪನದ ದಿಕ್ಕು, ಧ್ರುವೀಕರಣ, ಹರಳಿನ ಒಂದೊಂದು ಜಾಗದಲ್ಲಿ ಒಂದೊಂದು ಬಗೆಯಾಗಿ ತಿರುಚಿಕೊಳ್ಳುತ್ತದೆ. ಒಂದೇ ದಿಕ್ಕಿನ ಕಂಪನ ಬೇಡುವ ಯಂತ್ರಗಳಲ್ಲಿ ಆ ಪಾಲು ಬೆಳಕು ವ್ಯರ್ಥ.

ಮೆಟ್ಟಿಲಿನ ಲೆಕ್ಕ, ಮತ್ತು ಹಳ್ಳು ಒಡೆಯುವ ಹರಳು

ಯಾಗ್‌ಗೆ ಹೊರಗಿನ ಬಿಸಿಲು ಅಷ್ಟಾಗಿ ತಾಗುವುದಿಲ್ಲ ಎಂದೆ. ಅದು ನಿಯೋಡಿಮಿಯಂನ ಪುಣ್ಯ. ಹರಳಿಗೆ ಬೆರೆಸುವ ಎಲ್ಲ ಅಯಾನುಗಳಿಗೂ ಆ ಪುಣ್ಯವಿಲ್ಲ.

ಅಯಾನಿನೊಳಗಿನ ಶಕ್ತಿಯ ಮಟ್ಟಗಳನ್ನು ಮೆಟ್ಟಿಲು ಎಂದುಕೊಳ್ಳಿ. ಊಡಿಸಿದ ಬೆಳಕು ಎಲೆಕ್ಟ್ರಾನನ್ನು ಮೇಲಿನ ಮೆಟ್ಟಿಲಿಗೆ ಏರಿಸುತ್ತದೆ. ಅಲ್ಲಿಂದ ಕೆಳಗಿನ ಒಂದು ಮೆಟ್ಟಿಲಿಗೆ ಜಿಗಿಯುವಾಗ ಲೇಸರ್ ಬೆಳಕು ಹುಟ್ಟುತ್ತದೆ. ಜಿಗಿದು ನಿಲ್ಲುವ ಮೆಟ್ಟಿಲು ಖಾಲಿ ಇರಬೇಕು. ಅಲ್ಲಿ ಆಗಲೇ ಜನ ತುಂಬಿದ್ದರೆ ಅವರು ಹುಟ್ಟಿದ ಬೆಳಕನ್ನೇ ನುಂಗಿ ಮೇಲೇರುತ್ತಾರೆ. ನಿಯೋಡಿಮಿಯಂನಲ್ಲಿ ಈ ಮೆಟ್ಟಿಲು ನೆಲದಿಂದ ಬಹಳ ಎತ್ತರದಲ್ಲಿದೆ, ಕೋಣೆಯ ಬಿಸಿ ಕೊಡಬಲ್ಲ ಶಕ್ತಿಯ ಹತ್ತು ಪಟ್ಟು. ಬೋಲ್ಟ್ಸ್‌ಮನ್ ಸೂತ್ರದ ಪ್ರಕಾರ ಇಪ್ಪತ್ತು ಸಾವಿರದಲ್ಲಿ ಒಂದು ಅಯಾನೂ ಅಲ್ಲಿಗೆ ಸುಮ್ಮನೆ ಏರಿ ಕೂರಲಾರದು.

ಇಟರ್ಬಿಯಂ-ಯಾಗ್ ನೋಡಿ. 940 ನ್ಯಾನೊಮೀಟರ್ ಉಂಡು 1030 ಕೊಡುತ್ತದೆ. ಬಿಸಿಯ ಸುಂಕ ಶೇಕಡಾ 9 ಮಾತ್ರ. ಲಾಭವೋ ಲಾಭ ಎನ್ನುವಷ್ಟರಲ್ಲಿ ಕೊಕ್ಕೆ: ಅದರ ಕೆಳಮೆಟ್ಟಿಲು ನೆಲಕ್ಕೆ ಹತ್ತಿರ, ಕೋಣೆಯ ಬಿಸಿಯ ಮೂರು ಪಟ್ಟಿನಷ್ಟೇ ಎತ್ತರ. ಕೋಣೆಯ ಉಷ್ಣತೆಯಲ್ಲಿ ನೂರರಲ್ಲಿ ನಾಲ್ಕೈದು ಅಯಾನುಗಳು ಅಲ್ಲಿ ಕೂತೇ ಇರುತ್ತವೆ. ಬಿಸಿ ಏರಿದಷ್ಟೂ ಗುಂಪು ಹೆಚ್ಚು. ಇದನ್ನೇ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಗೆ ಇಳಿಸಿದರೆ ಆ ಮೆಟ್ಟಿಲಿನಲ್ಲಿ ಲಕ್ಷಕ್ಕೆ ಒಂದು ಉಳಿದೀತು. ಅದಕ್ಕೇ ಅತಿಶಕ್ತಿಯ ಇಟರ್ಬಿಯಂ ಲೇಸರುಗಳನ್ನು ಕಟ್ಟುವವರು ಶೀತಪೆಟ್ಟಿಗೆಯ ಮೊರೆ ಹೋಗುತ್ತಾರೆ. ತಂಪಾದರೆ ಇನ್ನೊಂದು ಲಾಭವೂ ಉಂಟು, ಹರಳಿನ ಶಾಖವಾಹಕತೆಯೇ ಹಲವು ಪಟ್ಟು ಹೆಚ್ಚುತ್ತದೆ. ಸಫೈರಿನಲ್ಲಂತೂ ಸುಮಾರು 30 ಪಟ್ಟು.

ಮಾಣಿಕ್ಯದ ಪಾಡು ಎಲ್ಲಕ್ಕಿಂತ ಕಡೆ. ಅದರ ಕೆಳಮೆಟ್ಟಿಲು ನೆಲವೇ. ಅರ್ಧಕ್ಕೂ ಹೆಚ್ಚು ಅಯಾನುಗಳನ್ನು ಮೇಲೆತ್ತದೆ ಲೇಸರ್ ಇಲ್ಲ. ಮೇಮನ್ ಮಾಡಿದ್ದು ಮಿಂಚಿನಂಥ ಹೊಡೆತಗಳು. ಮಾಣಿಕ್ಯದಿಂದ ಕಡಿಯದ ಧಾರೆ ಬಂದದ್ದು 1962ರಲ್ಲಿ, ನೆಲ್ಸನ್ ಮತ್ತು ವಿಲರ್ಡ್ ಬಾಯ್ಲ್ ಅದನ್ನು ದ್ರವ ಸಾರಜನಕದ ತಂಪಿನಲ್ಲಿಟ್ಟ ಮೇಲೆ. (ಇದೇ ಬಾಯ್ಲ್ ಮುಂದೆ ಕ್ಯಾಮೆರಾಗಳ ಸಿಸಿಡಿ ಚಿಪ್ ಕಂಡುಹಿಡಿದು 2009ರಲ್ಲಿ ನೊಬೆಲ್ ಹಂಚಿಕೊಂಡವರು.)

ಇನ್ನು ನಮ್ಮೂರ ದವಾಖಾನೆಗೆ ಬರೋಣ. ‘ಕಿಡ್ನ್ಯಾಗ ಹಳ್ಳಾಗ್ಯಾವ’ ಎಂಬ ಮಾತು ಉತ್ತರ ಕರ್ನಾಟಕದ ಯಾವ ಮನೆಗೂ ಹೊಸದಲ್ಲ. ಹಳ್ಳು ಎಂದರೆ ಹರಳೇ, ಪದ ಸವೆದು ಹಾಗಾಗಿದೆ. ಬೇಸಿಗೆಯಲ್ಲಿ ಬೆವರು ಹೆಚ್ಚಿ, ನೀರು ಕುಡಿಯುವುದು ಸಾಲದೆ ಮೂತ್ರ ಗಟ್ಟಿಯಾಗಿ ಹಳ್ಳಿನ ನೋವು ಕಾಣಿಸಿಕೊಳ್ಳುವವರು ಹೆಚ್ಚು. ಆ ಹಳ್ಳನ್ನು ಒಡೆಯಲು ಕೂದಲಿನಂಥ ನಾರಿನ ತುದಿಯಿಂದ ಬೆಳಕು ಹಾಯಿಸುವುದು ಹೋಲ್ಮಿಯಂ-ಯಾಗ್ ಲೇಸರ್. ಅದರ 2100 ನ್ಯಾನೊಮೀಟರಿನ ಆಸುಪಾಸಿನ ಬೆಳಕನ್ನು ನೀರು ತಟ್ಟನೆ ಹೀರುತ್ತದೆ, ಹಳ್ಳು ಪುಡಿಯಾಗುತ್ತದೆ, ಸುತ್ತಲಿನ ಅಂಗಾಂಶ ಬಹುಮಟ್ಟಿಗೆ ಉಳಿಯುತ್ತದೆ. ಹರಳಿನಿಂದ ಹಳ್ಳು ಒಡೆಯುವ ಕೆಲಸ.

ಈ ಹೋಲ್ಮಿಯಂ ಕೂಡ ಇಟರ್ಬಿಯಂನ ಜಾತಿಯದೇ, ಕೆಳಮೆಟ್ಟಿಲು ನೆಲಕ್ಕೆ ಹತ್ತಿರ. 1960ರ ದಶಕದಲ್ಲಿ ಮೊದಲು ಬೆಳಗಿಸಿದಾಗ ಇದನ್ನು ದ್ರವ ಸಾರಜನಕದಲ್ಲಿಡಬೇಕಾಗಿತ್ತು. ಆಮೇಲೆ ಕ್ರೋಮಿಯಂ, ಥೂಲಿಯಂಗಳನ್ನು ಜೊತೆಗೆ ಬೆರೆಸಿ ಕೋಣೆಯ ಉಷ್ಣತೆಯಲ್ಲೇ ನಡೆಯುವಂತೆ ಮಾಡಿದರು. ಆದರೂ ಹಟ ಪೂರ್ತಿ ಬಿಟ್ಟಿಲ್ಲ. ಬಿಸಿಯಾದರೆ ಸಾಮರ್ಥ್ಯ ಕುಸಿಯುತ್ತದೆ, ಒಂದೇ ದಂಡದಿಂದ ಎಷ್ಟು ಶಕ್ತಿ ಹಿಂಡಬಹುದು ಎಂಬುದಕ್ಕೆ ಮಿತಿ ಬೀಳುತ್ತದೆ. ಹೆಚ್ಚು ಶಕ್ತಿಯ ಯಂತ್ರಗಳಲ್ಲಿ ಒಂದರ ಬದಲು ಹಲವು ದಂಡಗಳನ್ನಿಟ್ಟು ಸರದಿಯ ಮೇಲೆ ಹೊಡೆಸುತ್ತಾರೆ. ಒಂದು ಹೊಡೆಯುವಾಗ ಉಳಿದವು ಆರಿಕೊಳ್ಳಬೇಕು, ಕುಟ್ಟುವ ಒರಳಿಗೆ ಒನಕೆ ಹಾಕುವವರು ಸರದಿ ಹಿಡಿದಂತೆ. ಫ್ರಿಜ್‌ನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ನೀರಿನ ಸುರುಳಿ, ಗೋಡೆಗೆ ಪ್ರತ್ಯೇಕ ದಪ್ಪ ಕರೆಂಟಿನ ಸಂಪರ್ಕ. ಇತ್ತೀಚೆಗೆ ಬಂದಿರುವ ಥೂಲಿಯಂ ಫೈಬರ್ ಲೇಸರ್ ಇದೇ ಕೆಲಸವನ್ನು ಬರೀ ಫ್ಯಾನಿನ ಗಾಳಿಯಲ್ಲಿ, ಸಾಮಾನ್ಯ ಪ್ಲಗ್ಗಿನಲ್ಲಿ ಮಾಡುತ್ತಿದೆ. ಅಲ್ಲಿ ಹರಳಿನ ಜಾಗದಲ್ಲಿರುವುದು ಮೀಟರುಗಟ್ಟಲೆ ಉದ್ದದ ಗಾಜಿನ ನಾರು. ಉದ್ದ ಹೆಚ್ಚಾದಂತೆ ಏರುಪೇರು ಕಡಿಮೆ ಎಂಬ ಮೇಲಿನ ಲೆಕ್ಕವನ್ನು ಕೊನೆಯವರೆಗೆ ಎಳೆದರೆ ಸಿಗುವುದು ಈ ನಾರೇ.

ಅಪಸ್ವರ ಎಲ್ಲಿಂದ?

ಹರಳು ಶ್ರುತಿ ಬಿಡುವುದಿಲ್ಲ, ಅದಕ್ಕೆ ಊಡಿಸುವ ಡಯೋಡ್ ಬಿಡುತ್ತದೆ. 808 ನ್ಯಾನೊಮೀಟರಿನ ಅರೆವಾಹಕ ಡಯೋಡ್ ಡಿಗ್ರಿಗೆ 0.3 ನ್ಯಾನೊಮೀಟರ್ ಜರುಗುತ್ತದೆ. ಹತ್ತು ಡಿಗ್ರಿ ಕಾದರೆ 3 ನ್ಯಾನೊಮೀಟರ್. ಸಂಗೀತದ ಅಳತೆಗೆ ತಂದರೆ ಇದು ಅರ್ಧಸ್ವರದ ನೂರರಲ್ಲಿ ಆರು ಪಾಲಿಗೂ ತುಸು ಹೆಚ್ಚು. ಪಳಗಿದ ಕಿವಿ ಇದನ್ನು ಹಿಡಿದೇಬಿಡುತ್ತದೆ. ಜರುಗುವ ದಿಕ್ಕೂ ತಂಬೂರಿಯದೇ: ಕಾದರೆ ಇಳಿಯುತ್ತದೆ, ತಣಿದರೆ ಏರುತ್ತದೆ.

ನಿಯೋಡಿಮಿಯಂ ಈ ವಿಷಯದಲ್ಲಿ ಕಟ್ಟುನಿಟ್ಟು. 808ರ ಸುತ್ತ ಒಂದೆರಡು ನ್ಯಾನೊಮೀಟರಿನ ಕಿರಿದಾದ ಕಿಂಡಿಯಲ್ಲಿ ಮಾತ್ರ ಅದು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಡಯೋಡ್ ಆ ಕಿಂಡಿ ತಪ್ಪಿದರೆ ಊಟ ಹೊರಗೇ ಚೆಲ್ಲಿತು. ಅದಕ್ಕೆ ಡಯೋಡಿನ ಕೆಳಗೆ ಪೆಲ್ಟಿಯರ್ ಬಿಲ್ಲೆ ಇಟ್ಟು, ಕರೆಂಟ್ ಹರಿಸಿ ಒಂದು ಡಿಗ್ರಿಯ ಸಣ್ಣ ಭಾಗದಷ್ಟೂ ಅಲುಗದಂತೆ ಹಿಡಿಯುತ್ತಾರೆ. ಅದನ್ನು ಈ ವಾದ್ಯದ ಬಿರಡೆ ಎನ್ನಿ.

ಭಾಷಣಕಾರರು ಹಿಡಿಯುವ ಹಸಿರು ಲೇಸರ್ ಪಾಯಿಂಟರ್‌ನಲ್ಲಿ ಈ ಬಿರಡೆ ಇಲ್ಲ. ಅದರೊಳಗೆ 808ರ ಡಯೋಡ್, ನಿಯೋಡಿಮಿಯಂ ಬೆರೆತ ವೆನಡೇಟ್ ಹರಳು, 1064ನ್ನು ಅರ್ಧಕ್ಕಿಳಿಸಿ 532ರ ಹಸಿರು ಮಾಡುವ ಕೆಟಿಪಿ ಹರಳು, ಎಲ್ಲವೂ ಪೆನ್ನಿನಷ್ಟು ಜಾಗದಲ್ಲಿ. ಚಳಿಗಾಲದ ಬೆಳಗಿನ ಜಾವ ನಕ್ಷತ್ರ ತೋರಿಸಲು ಹೊರಟರೆ ಬೆಳಕು ಮಂಕು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಡಯೋಡ್ ಕಿಂಡಿಗೆ ಮರಳುತ್ತಿದ್ದಂತೆ ಹಸಿರು ಚಿಮ್ಮುತ್ತದೆ. ಶಾಲೆಯ ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ಗೊತ್ತಿಲ್ಲ. ಎಚ್ಚರಿಕೆಯೊಂದು: ಅಗ್ಗದ ಪಾಯಿಂಟರುಗಳಲ್ಲಿ ಹಸಿರು ಮಂಕಾದರೂ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಸೋರುತ್ತಿರಬಹುದು. ಮಂಕಾಗಿದೆಯೆಂದು ಕಣ್ಣಿಟ್ಟು ನೋಡಬಾರದು.

ದೊಡ್ಡ ಹಸಿರು ಲೇಸರುಗಳಲ್ಲಿ ಕೆಟಿಪಿ ಬದಲು ಎಲ್‌ಬಿಒ ಹರಳು ಬಳಸಿದರೆ ಅದಕ್ಕೊಂದು ಪುಟ್ಟ ಒಲೆಯೇ ಬೇಕು. ಸುಮಾರು 150 ಡಿಗ್ರಿಯಲ್ಲಿ ಮಾತ್ರ ಅದರೊಳಗೆ ಎರಡೂ ಬಣ್ಣಗಳ ಬೆಳಕು ಒಂದೇ ಹೆಜ್ಜೆಯಲ್ಲಿ ಓರೆಯಾಗದೆ ನಡೆಯುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಹರಳಿಗೆ ತಣ್ಣೀರು, ಇನ್ನೊಂದಕ್ಕೆ ಒಲೆ.

ಬಿಸಿ ಬೇಡುವ ಅಲೆಕ್ಸಾಂಡ್ರೈಟ್

ಬಿಸಿಯಾದರೆ ಚುರುಕಾಗುವ ಹರಳೂ ಇದೆ. ರಷ್ಯಾದ ದೊರೆ ಎರಡನೆಯ ಅಲೆಕ್ಸಾಂಡರನ ಹೆಸರು ಹೊತ್ತ ಅಲೆಕ್ಸಾಂಡ್ರೈಟ್ ಹಗಲಿನಲ್ಲಿ ಹಸಿರಾಗಿಯೂ ದೀಪದ ಬೆಳಕಿನಲ್ಲಿ ಕೆಂಪಾಗಿಯೂ ಕಾಣುತ್ತದೆ. ಚರ್ಮದ ಕ್ಲಿನಿಕ್ಕುಗಳಲ್ಲಿ ಕೂದಲು ತೆಗೆಯಲು ಬಳಸುವ 755 ನ್ಯಾನೊಮೀಟರಿನ ಲೇಸರ್ ಇದರದೇ.

ಇದರ ಅಯಾನುಗಳು ಮೇಲೇರಿದ ಮೇಲೆ ಬಹುಪಾಲು ಒಂದು ಕಪಾಟಿನಲ್ಲಿ ಅವಿತು ಕೂರುತ್ತವೆ. ಅಲ್ಲಿಂದ ಬೆಳಕು ಸುಲಭವಾಗಿ ಹೊರಡುವುದಿಲ್ಲ. ಅದಕ್ಕಿಂತ ಸ್ವಲ್ಪ ಮೇಲಿರುವ ಇನ್ನೊಂದು ಕಪಾಟಿಗೆ ಹತ್ತಿದರೆ ಮಾತ್ರ ಲೇಸರ್ ಜಿಗಿತ. ಹತ್ತಲು ಬೇಕಾದ ನೂಕು ಸಿಗುವುದು ಹರಳಿನ ಬಿಸಿಯಿಂದ. ಕೋಣೆಯ ಉಷ್ಣತೆಯಿಂದ 200 ಡಿಗ್ರಿಯವರೆಗೆ ಕಾಯಿಸಿದರೆ ಬೆಳಕು ಹೊಮ್ಮಿಸುವ ಅದರ ಗುಣ ಮೂರು ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಹಾಗೆಂದು ಮನಬಂದಂತೆ ಕಾಯಿಸುವಂತಿಲ್ಲ. ಬಿಸಿಯಾದಷ್ಟೂ ಅಯಾನುಗಳು ಮೇಲೆ ನಿಲ್ಲುವ ಹೊತ್ತು ಕಡಿಮೆ, ನೆಲದಲ್ಲಿದ್ದವು ಬೆಳಕನ್ನು ನುಂಗುವ ಚಟ ಹೆಚ್ಚು. ಅದಕ್ಕೇ ಯಂತ್ರ ಮಾಡುವವರು ಬಹುಮಟ್ಟಿಗೆ 50ರಿಂದ 100 ಡಿಗ್ರಿಯೊಳಗೆ ಒಂದು ಹದ ಹುಡುಕಿಕೊಳ್ಳುತ್ತಾರೆ. ಅಲ್ಲಿಯ ನೀರಿನ ವ್ಯವಸ್ಥೆ ಹರಳನ್ನು ತಂಪು ಮಾಡುವುದರ ಜೊತೆಗೆ ಬೆಚ್ಚಗೂ ಇಡಬೇಕು.

ಚಂದ್ರನ ಸುತ್ತ ಒಂದು ಯಾಗ್

ಕರ್ನಾಟಕದಲ್ಲಿ ತಯಾರಾದ ಲೇಸರ್ ಹರಳಿನ ಯಂತ್ರವೊಂದು ಬಿಸಿಯ ಪರೀಕ್ಷೆಗೆ ಕೂತ ಕಥೆ ನಮ್ಮೂರಿನಿಂದ ಬಹುದೂರ ನಡೆದದ್ದು. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ 11 ಉಪಕರಣಗಳಿದ್ದವು. ಅದರಲ್ಲಿ ಚಂದ್ರನ ನೆಲದ ಏರುತಗ್ಗು ಅಳೆಯುವ ಲೇಸರ್ ಉಪಕರಣವನ್ನು ಮಾಡಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ‘ಲಿಯೋಸ್’ ಪ್ರಯೋಗಾಲಯ. ಒಳಗಿದ್ದದ್ದು ಡಯೋಡ್ ಊಡಿಸುವ ನಿಯೋಡಿಮಿಯಂ-ಯಾಗ್. ಸೆಕೆಂಡಿಗೆ ಹತ್ತು ಹೊಡೆತ, ಹೊಡೆತಕ್ಕೆ 10 ಮಿಲಿಜೌಲ್. ಹೋಗಿ ನೆಲಕ್ಕೆ ತಾಗಿ ಮರಳುವ ಬೆಳಕಿನ ಹೊತ್ತು ಅಳೆದು ದೂರ ಲೆಕ್ಕ ಹಾಕುವುದು ಅದರ ಕೆಲಸ. ನವೆಂಬರ್ 16ರಂದು ಅದನ್ನು ಚಾಲೂ ಮಾಡಿದರು.

ಸರಾಸರಿ ತೆಗೆದರೆ ಈ ಲೇಸರಿನಿಂದ ಹೊರಬರುವ ಬೆಳಕು ಒಂದು ವಾಟ್‌ನ ಹತ್ತನೇ ಒಂದು ಪಾಲು. ಹರಳಿನೊಳಗೆ ಹುಟ್ಟುವ ಬೇಸಿಗೆ ಏನೂ ಅಲ್ಲ. ಇಲ್ಲಿ ಮಾತ್ರ ಮೇಲಿನ ನನ್ನ ವಾದ ತಿರುಗುಮುರುಗು, ಹೊರಗಿನ ಧಗೆಯೇ ದೊಡ್ಡದು. ನೂರು ಕಿಲೋಮೀಟರ್ ಎತ್ತರದಲ್ಲಿ ಹಾರುವ ನೌಕೆಗೆ ಒಂದು ಮಗ್ಗುಲಿನಿಂದ ಬಿಸಿಲು, ಕೆಳಗಿನಿಂದ 120 ಡಿಗ್ರಿಯಷ್ಟು ಕಾದ ಚಂದ್ರನ ನೆಲದ ಝಳ. ಗಾಳಿಯಿಲ್ಲದ ಕಡೆ ಬಿಸಿ ಹೊರಹೋಗಲು ವಿಕಿರಣ ಒಂದೇ ದಾರಿ. ನವೆಂಬರ್ ಕೊನೆಯ ವಾರದಲ್ಲಿ ನೌಕೆಯ ಒಳಗಿನ ಉಷ್ಣತೆ 50 ಡಿಗ್ರಿಯ ಆಸುಪಾಸಿಗೆ ಏರಿತು. ಇಸ್ರೋದವರು ನೌಕೆಯನ್ನು 20 ಡಿಗ್ರಿಯಷ್ಟು ತಿರುಗಿಸಿದರು, ಕೆಲವು ಉಪಕರಣಗಳನ್ನು ಆರಿಸಿದರು. ಉಷ್ಣತೆ 40ರ ಹತ್ತಿರಕ್ಕೆ ಇಳಿಯಿತು. ಮುಂದೆ 2009ರ ಮೇ 19ರಂದು ಕಕ್ಷೆಯನ್ನೇ 200 ಕಿಲೋಮೀಟರಿಗೆ ಏರಿಸಿದರು. ಆಗಸ್ಟ್ 29ರಂದು ಸಂಪರ್ಕ ಕಡಿಯಿತು.

ಹತ್ತು ಡಿಗ್ರಿಯ ಇಳಿಕೆ ಎಂದರೆ ಡಯೋಡಿನ ಲೆಕ್ಕದಲ್ಲಿ 3 ನ್ಯಾನೊಮೀಟರ್ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಇಂಥ ಕಡೆ ಬಿರಡೆ ತಿರುವಲು ಯಾರೂ ಇರುವುದಿಲ್ಲ. ಇರುವುದೆಲ್ಲ ಹೊರಡುವ ಮುನ್ನ ನೆಲದ ಮೇಲೆ ಮಾಡಿಕೊಂಡ ಏರ್ಪಾಟು. ನಿರ್ವಾತದ ಕೋಠಿಯಲ್ಲಿ ಕಾಯಿಸಿ ತಣಿಸಿ, ತಣಿಸಿ ಕಾಯಿಸಿ ನೋಡಿದ್ದು.

ತಂಪು ಮಾಡುವ ಜಾಣತನ, ಮಳೆಗಾಲದ ಕೊಕ್ಕೆ

ನೆಲದ ಮೇಲಿನವರಿಗೆ ಉಪಾಯಗಳು ಹೆಚ್ಚು. 1990ರ ದಶಕದಲ್ಲಿ ಜರ್ಮನಿಯ ಷ್ಟುಟ್‌ಗಾರ್ಟ್‌ನಲ್ಲಿ ಅಡಾಲ್ಫ್ ಗೀಸೆನ್ ಮತ್ತು ಸಂಗಡಿಗರು ದಂಡವನ್ನೇ ಕೈಬಿಟ್ಟು ಹರಳನ್ನು ಬಿಲ್ಲೆಯಾಗಿಸಿದರು. ದಪ್ಪ ಮಿಲಿಮೀಟರಿನ ಹತ್ತನೇ ಒಂದೋ ಎರಡೋ ಪಾಲು, ಹಪ್ಪಳಕ್ಕಿಂತ ತೆಳು. ಬೆನ್ನಿಗೆ ತಂಪು ಲೋಹ ಅಥವಾ ವಜ್ರದ ತಟ್ಟೆ. ಬಿಸಿ ಪಕ್ಕಕ್ಕೆ ಹರಿಯದೆ ಕಿರಣದ ದಿಕ್ಕಿನಲ್ಲೇ ಹಿಂದಕ್ಕೆ ಹೋಗುವುದರಿಂದ ಅಡ್ಡಡ್ಡಲಾಗಿ ಏರುಪೇರು ಹುಟ್ಟುವುದೇ ಕಡಿಮೆ. ಉಷ್ಣಮಸೂರದ ಕಾಟ ಬಹುತೇಕ ತಪ್ಪಿತು. ತಗಡು ಕತ್ತರಿಸುವ ಕಾರ್ಖಾನೆಗಳಲ್ಲಿ ಈಗ ಬಿಲ್ಲೆಯನ್ನೂ ಹಿಂದೆ ಹಾಕಿ ಫೈಬರ್ ಲೇಸರ್ ಮುಂದಿದೆ.

ಆದರೆ ಹೆಚ್ಚು ಶಕ್ತಿಯ ಯಂತ್ರಗಳಿಗೆ ನೀರನ್ನು ತಂಪು ಮಾಡಿ ಹರಿಸುವ ಚಿಲ್ಲರ್ ಬಹುಮಟ್ಟಿಗೆ ತಪ್ಪಿದ್ದಲ್ಲ. ಅದರ ನೀರು ಖನಿಜ ತೆಗೆದ ಶುದ್ಧ ನೀರಾಗಿರಬೇಕು. ಬೋರಿನ ನೀರು ಹಾಕಿದರೆ ಸುಣ್ಣ ಕಟ್ಟಿ, ಬಿಸಿ ಹೊರಹೋಗುವ ದಾರಿಯೇ ಮುಚ್ಚುತ್ತದೆ.

ಬೇಸಿಗೆಯಲ್ಲಿ ಯಂತ್ರ ‘ಹೈ ಟೆಂಪರೇಚರ್’ ಎಂದು ಕೂಗಿಕೊಂಡಾಗ ನಡೆಸುವವರು ಚಿಲ್ಲರಿನ ಗುರಿಯನ್ನು 25ರಿಂದ 18 ಡಿಗ್ರಿಗೆ ಇಳಿಸಿಬಿಡುವುದುಂಟು. ತಂಪಿದ್ದಷ್ಟೂ ಒಳ್ಳೆಯದಲ್ಲವೇ ಎಂಬ ಭಾವನೆ. ಏಪ್ರಿಲ್‌ನ ಒಣ ಮಧ್ಯಾಹ್ನಗಳಲ್ಲಿ ಅದು ನಡೆದೂ ಹೋಗುತ್ತದೆ. ಜೂನಿನಲ್ಲಿ ಮಳೆ ಹಿಡಿದು ಗಾಳಿ ತೇವವಾದಾಗ ಹುಬ್ಬಳ್ಳಿ-ಧಾರವಾಡದಲ್ಲಿ ಇಬ್ಬನಿ ಕಟ್ಟುವ ಉಷ್ಣತೆಯೇ 20 ಡಿಗ್ರಿಯ ಆಸುಪಾಸಿಗೆ ಏರಿರುತ್ತದೆ. ಅದಕ್ಕಿಂತ ತಣ್ಣಗಿರುವ ಹರಳು, ಕನ್ನಡಿ, ಡಯೋಡುಗಳ ಮೇಲೆ, ಫ್ರಿಜ್‌ನಿಂದ ತೆಗೆದ ತಂಬಿಗೆಯ ಮೇಲೆ ಮೂಡುವಂತೆ, ಬೆವರಹನಿ ಮೂಡುತ್ತದೆ. ಆ ಹನಿಯ ಮೇಲೆ ಲೇಸರ್ ಬೆಳಕು ಬಿದ್ದರೆ ಕನ್ನಡಿಯ ಲೇಪನ ಸುಟ್ಟು ಕಪ್ಪು ಚುಕ್ಕೆಯಾಗುತ್ತದೆ. ಮಳೆಗಾಲ ಶುರುವಾಗುವ ಮೊದಲು ಚಿಲ್ಲರಿನ ಗುರಿಯನ್ನು ಇಬ್ಬನಿ ಕಟ್ಟುವ ಉಷ್ಣತೆಗಿಂತ ಎರಡು-ಮೂರು ಡಿಗ್ರಿ ಮೇಲಕ್ಕೆ ತಿರುಗಿಸಿಡುವುದು, ಕೋಣೆಯ ಎ.ಸಿ.ಯನ್ನು ಯಂತ್ರಕ್ಕಿಂತ ಅರ್ಧ ಗಂಟೆ ಮೊದಲೇ ಹಚ್ಚಿ ಗಾಳಿ ಒಣಗಿಸುವುದು, ಸಂಜೆ ಯಂತ್ರ ನಿಲ್ಲಿಸುವಾಗ ಚಿಲ್ಲರನ್ನೂ ನಿಲ್ಲಿಸುವುದು: ಇಷ್ಟು ಮಾಡಿದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಕನ್ನಡಿ ಉಳಿಯುತ್ತದೆ.